ಹಳೇ ವಿಮಾನ ತಂದು ಹೊಲದಲ್ಲಿ ನಿಲ್ಲಿಸುವ ಮುಂಚೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಅಮೆರಿಕದ ಹಾಡುಗಾರ ಎಲ್ವಿಸ್ ಪ್ರೆಸ್ಲಿಯ ಜೆಟ್ 2023ರಲ್ಲಿ 2,60,000 ಡಾಲರ್‌ಗೆ, ಅಂದರೆ ಎರಡು ಕೋಟಿ ಚಿಲ್ಲರೆಗೆ ಹೋಯಿತಲ್ಲ, ಅಂಥದ್ದೇ ಒಂದು ಹಳೇ ವಿಮಾನ ತಂದು ಹತ್ತರಗಿ ಹತ್ತಿರದ ಹೊಲದಲ್ಲಿ ಖಾನಾವಳಿ ಮಾಡಬಹುದಾ ಅಂತ ಕೇಳಿದ್ದೀ. ಮಾಡಬಹುದು. ಆದರೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಪೂರ್ತಿ ಓದು. ನಾನು ಸಾಂಬ್ರಾದಲ್ಲಿ ಟ್ರೇನಿಂಗ್ ಪಡೆದು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲು-ರೆಕ್ಕೆ ರಿಪೇರಿ ಮಾಡುವವನು, ಆಗಿದ್ದವನು. ಈಗ ಬೈಲಹೊಂಗಲ ಕಡೆ ಕಬ್ಬು ಬೆಳೆಯುತ್ತೇನೆ.

ಮೊದಲು ಆ ವಿಮಾನದ ಕತೆ ಕೇಳು. ಅದು 1962ರ ಲಾಕ್‌ಹೀಡ್ ಜೆಟ್‌ಸ್ಟಾರ್. ಬಾಲದ ಹತ್ತಿರ ನಾಲ್ಕು ಎಂಜಿನ್. ಎಲ್ವಿಸ್ ಅದನ್ನು 1976ರ ಡಿಸೆಂಬರ್‌ನಲ್ಲಿ 8,40,000 ಡಾಲರ್ ಕೊಟ್ಟು ಕೊಂಡರು. ಮುಂದಿನ ಆಗಸ್ಟ್‌ನಲ್ಲಿ ತೀರಿಕೊಂಡರು. ಎಂಟು ತಿಂಗಳೂ ತುಂಬಿರಲಿಲ್ಲ. ಆಮೇಲೆ ವಿಮಾನ ಕೈ ಬದಲಾಗುತ್ತಾ ಹೋಗಿ ನ್ಯೂ ಮೆಕ್ಸಿಕೊದ ರೋಸ್‌ವೆಲ್‌ನ ಒಣ ಬಯಲಲ್ಲಿ ನಿಂತಿತು. ಸುಮಾರು ನಲವತ್ತು ವರ್ಷ ಕದಲಲಿಲ್ಲ. ಒಳಗಿನ ಕೆಂಪು ಮಖಮಲ್ ಸೀಟುಗಳು ಹಾಗೇ ಇದ್ದವು, ಎಂಜಿನ್ ಒಂದೂ ಇರಲಿಲ್ಲ. 2017ರಲ್ಲಿ 4,30,000 ಡಾಲರ್‌ಗೆ ಹೋಗಿದ್ದು 2023ಕ್ಕೆ 2,60,000ಕ್ಕೆ ಇಳಿಯಿತು. ಕೊಂಡವರು ರೆಕ್ಕೆ ತೆಗೆಸಿ, ಬರೀ ಒಡಲನ್ನು ರಸ್ತೆ ಮೇಲೆ ಫ್ಲೋರಿಡಾಕ್ಕೆ ಒಯ್ದು ಅದನ್ನು ಓಡುವ ಮನೆ ಮಾಡಲು ಹೊರಟರು.

ಅದೇ ಎಲ್ವಿಸ್ ಅವರ ಇನ್ನೊಂದು ವಿಮಾನ ಬೇರೆ ಥರ ಬದುಕಿತು. ಕಾನ್ವೇರ್ 880, ಮಗಳ ಹೆಸರಿನ ಲೀಸಾ ಮೇರಿ. 1975ರಲ್ಲಿ ಕೊಂಡಿದ್ದು 2,50,000 ಡಾಲರ್‌ಗೆ, ಒಳಗೆ ಖರ್ಚು ಮಾಡಿದ್ದು ಅದಕ್ಕಿಂತ ಜಾಸ್ತಿ. ಮಲಗುವ ಕೋಣೆ, ಸೀಟ್ ಬೆಲ್ಟ್ ಬಕಲ್‌ಗೆ ಚಿನ್ನದ ಲೇಪ, ಎಲ್ಲ ಇತ್ತು. 1984ರಿಂದ ಅದು ಮೆಂಫಿಸ್‌ನ ಅವರ ಮನೆ ಗ್ರೇಸ್‌ಲ್ಯಾಂಡ್‌ನಲ್ಲಿದೆ. ಜನ ಟಿಕೆಟ್ ತಗೊಂಡು ಒಳಗೆ ಹತ್ತಿ ನೋಡುತ್ತಾರೆ. ನೋಡಿಕೊಳ್ಳುವವರು ಇದ್ದರು, ಅದಕ್ಕೇ ಉಳಿಯಿತು.

ನಮ್ಮ ದೇಶದ ಉದಾಹರಣೆ ಬೇಕಂದರೆ ವಿಜಯ್ ಮಲ್ಯ ಅವರ ಏರ್‌ಬಸ್ ಎ319. ಸೇವಾ ತೆರಿಗೆ ಬಾಕಿಗೆ ಇಲಾಖೆ ಜಪ್ತಿ ಮಾಡಿತು. ಮುಂಬೈ ನಿಲ್ದಾಣದಲ್ಲಿ ವರ್ಷಗಟ್ಟಲೆ ನಿಂತಿತು. 2016ರಲ್ಲಿ ಕನಿಷ್ಠ ಬೆಲೆ 152 ಕೋಟಿ ಇಟ್ಟರೆ ಬಂದದ್ದು 1.09 ಕೋಟಿಯ ಬಿಡ್. ಕೊನೆಗೆ 2018ರಲ್ಲಿ 34.8 ಕೋಟಿಗೆ ಅಮೆರಿಕದ ಕಂಪನಿಯೊಂದಕ್ಕೆ ಹೋಯಿತು.

ಯಾಕೆ ಹೀಗೆ ಬೆಲೆ ಬೀಳುತ್ತದೆ? ಹತ್ತರಗಿಯ ಏಕಸ್ ಕಂಪನಿಯ ಕೈಗಾರಿಕಾ ವಲಯದಲ್ಲಿ (ಎಸ್‌ಇಝಡ್) ಏರ್‌ಬಸ್‌ಗೆ ಬಿಡಿಭಾಗ ಮಾಡುತ್ತಾರಲ್ಲ, ಅಲ್ಲಿ ಕೆಲಸಕ್ಕೆ ಹೋಗುವ ನಿಮ್ಮೂರ ಹುಡುಗರನ್ನೇ ಕೇಳು. ಒಂದು ಸಣ್ಣ ಬ್ರಾಕೆಟ್‌ಗೂ ಕಾಗದ ಇರುತ್ತದೆ. ಕಾಗದ ಇಲ್ಲದ ಭಾಗವನ್ನು ಹಾರುವ ವಿಮಾನಕ್ಕೆ ಹಾಕುವಂತಿಲ್ಲ. ವಿಮಾನದ ಬೆಲೆಯಲ್ಲಿ ದೊಡ್ಡ ಪಾಲು ಎಂಜಿನ್‌ದು ಮತ್ತು ಲಾಗ್‌ಬುಕ್‌ದು, ಅಂದರೆ ಹಾರಾಟ-ರಿಪೇರಿ ಬರೆದಿಟ್ಟ ಪುಸ್ತಕದ್ದು. ಅವೆರಡೂ ಹೋದ ಮೇಲೆ ಉಳಿಯುವುದು ಅಲ್ಯೂಮಿನಿಯಂ. ಹಾಗಾಗಿ ನಿನಗೆ ಮಾರುವವನು "ಇಂಥವರ ವಿಮಾನ ಇದು" ಅಂತ ಹೆಸರು ಹೇಳಿ ರೇಟ್ ಏರಿಸಿದರೆ ಒಪ್ಪಬೇಡ. ತೂಕದ ಲೆಕ್ಕದಲ್ಲಿ ಮಾತಾಡು. ವಿಮಾನಯಾನ ಇಲಾಖೆ ಡಿಜಿಸಿಎಯಲ್ಲಿ ನೋಂದಣಿ ರದ್ದಾದ ಪತ್ರ ಮತ್ತು ಬಿಲ್ ಕೇಳು. ಅದರ ಮೇಲೆ ಸಾಲ ಅಥವಾ ಜಪ್ತಿ ಇದೆಯಾ ಅಂತ ವಕೀಲರಿಂದ ನೋಡಿಸು.

ಆದರೆ ನನಗೆ ನಿಜವಾದ ಚಿಂತೆ ಇರುವುದು ಸಾಗಾಟದ್ದು. 2022ರ ನವೆಂಬರ್‌ನಲ್ಲಿ ಕೊಚ್ಚಿಯಿಂದ ಹೈದರಾಬಾದ್‌ಗೆ ಹೋಟೆಲ್ ಮಾಡಲೆಂದೇ ಒಯ್ಯುತ್ತಿದ್ದ ವಿಮಾನ ಆಂಧ್ರದ ಬಾಪಟ್ಲ ಜಿಲ್ಲೆಯ ಅಂಡರ್‌ಪಾಸ್‌ನಲ್ಲಿ ಸಿಕ್ಕಿಬಿತ್ತು. 2023ರ ಡಿಸೆಂಬರ್‌ನಲ್ಲಿ ಬಿಹಾರದ ಮೋತಿಹಾರಿಯಲ್ಲೂ ಹಾಗೇ ಆಯಿತು. ಲೆಕ್ಕ ನೋಡು. ಏರ್‌ಬಸ್ ಎ320 ಥರದ ಪ್ರಯಾಣಿಕರ ವಿಮಾನದ ಒಡಲಿನ ಎತ್ತರವೇ 4 ಮೀಟರ್ ಮೇಲೆ, ಟ್ರೇಲರ್‌ದು ಒಂದು ಮೀಟರ್‌ಗಿಂತ ಜಾಸ್ತಿ. ನಮ್ಮ ಹೈವೇ ಸೇತುವೆಗಳ ಕೆಳಗೆ ಸಾಮಾನ್ಯವಾಗಿ ಸಿಗುವುದು ಐದೂವರೆ ಮೀಟರ್, ಹಳೇ ರಸ್ತೆಗಳಲ್ಲಿ ಇನ್ನೂ ಕಮ್ಮಿ. ಉದ್ದ 37 ಮೀಟರ್ ಮೇಲೆ. ಮುಂಬೈ ಕಡೆಯಿಂದ ತಂದರೆ ಖಂಬಾಟ್ಕಿ ಘಾಟ್, ಆಮೇಲೆ ನಿಪ್ಪಾಣಿ ದಾಟಿ ತವಂದಿ ಘಾಟ್. ಅಷ್ಟುದ್ದದ್ದು ತಿರುವಿನಲ್ಲಿ ತಿರುಗುವುದಿಲ್ಲ, ಕತ್ತರಿಸಲೇಬೇಕು. ಜೆಟ್‌ಸ್ಟಾರ್ ಗಾತ್ರದ್ದಾದರೆ ಉದ್ದ 18 ಮೀಟರ್ ಚಿಲ್ಲರೆ. ಹೇಗೋ ತರಬಹುದು. ಸಣ್ಣದನ್ನೇ ಹುಡುಕು. ಬೆಂಗಳೂರು ಕಡೆ ಸಿಕ್ಕರೆ ಹುಬ್ಬಳ್ಳಿ ಮೇಲಿಂದ ತರುವುದು ಸಲೀಸು. ಲಾರಿಯವನು ಏನೇ ಹೇಳಲಿ, ನೀನೇ ಟೇಪ್ ಹಿಡಿದು ದಾರಿಯ ಪ್ರತಿ ಸೇತುವೆ ಅಳೆದು ಬಾ.

ಒಡಲಿಗೆ ಪಕ್ಕೆಲುಬು ಇರುತ್ತವೆ, ಫ್ರೇಮ್ ಅಂತೀವಿ. ಕತ್ತರಿಸಬೇಕಾದರೆ ಜೋಡಣೆ ಇರುವ ಕಡೆ ಬಿಚ್ಚಿಸು, ಗ್ಯಾಸ್ ಕಟರ್ ಹಚ್ಚಲು ಬಿಡಬೇಡ. ಹೊಲದಲ್ಲಿ ಕೂರಿಸುವಾಗಲೂ ಆಧಾರ ಫ್ರೇಮ್ ಕೆಳಗೇ ಬರಬೇಕು. ಬರೀ ತಗಡಿನ ಮೇಲೆ ಭಾರ ಬಿದ್ದರೆ ಕುಸಿಯುತ್ತದೆ. ನಿನ್ನದು ಎರೆ ಹೊಲ ಅಂತೀ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ಪದರ ಸಿಗೋ ತನಕ ಅಗೆದು ಕಾಂಕ್ರೀಟ್ ಕಾಲು ಎಬ್ಬಿಸು. ಅಲ್ಯೂಮಿನಿಯಂ ನೇರವಾಗಿ ಕಬ್ಬಿಣಕ್ಕೆ ತಾಗಬಾರದು. ಮಳೆ ನೀರು ಸೇರಿದರೆ ಎರಡೂ ಕೂಡಿದ ಕಡೆಯಿಂದಲೇ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ನಡುವೆ ದಪ್ಪ ರಬ್ಬರ್ ಇಡು.

ರೋಸ್‌ವೆಲ್‌ನಲ್ಲಿ ಮಳೆ ಕಮ್ಮಿ, ಅದಕ್ಕೇ ಅಲ್ಲಿ ಹಳೇ ವಿಮಾನ ಅಷ್ಟು ವರ್ಷ ತಾಳಿದವು. ನಮ್ಮ ಬೆಳಗಾವಿ ಕಡೆಯ ಜಿಟಿಜಿಟಿ ಮಳೆ ಗೊತ್ತಲ್ಲ. ವಿಮಾನದ ಹೊಟ್ಟೆಯಲ್ಲಿ ನೀರು ಇಳಿಯಲು ಸಣ್ಣ ತೂತು ಇರುತ್ತವೆ. ಬಣ್ಣ ಹಚ್ಚುವವರು ಚಂದ ಕಾಣಲಿ ಅಂತ ಪುಟ್ಟಿ ಹಾಕಿ ಮುಚ್ಚಿಬಿಡುತ್ತಾರೆ. ಅದನ್ನು ಮಾತ್ರ ಮಾಡಗೊಡಬೇಡ. ಪ್ರತಿ ಮಳೆಗಾಲದ ಮುಂಚೆ ಕಡ್ಡಿ ಹಾಕಿ ತೆರೆದಿದೆಯಾ ನೋಡು. ಹಕ್ಕಿ ಗೂಡು ಕಟ್ಟುವ ಸಂದಿಗೆಲ್ಲ ಜಾಳಿಗೆ ಹಾಕು.

ಇನ್ನು ಹೊಲದ ಎನ್.ಎ. ಕೆಲಸ, ಅಂದರೆ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವುದು. ವಿಮಾನ ಬರುವ ಮುಂಚೆ ಅದು ಮುಗಿದಿರಲಿ. ಇಲ್ಲದಿದ್ದರೆ ಟ್ರೇಲರ್ ಬಾಡಿಗೆ ದಿನಕ್ಕೆ ದಿನ ಏರುತ್ತಾ ಹೋಗುತ್ತದೆ.

ಮಾರುವವರು ಫೋಟೊ ಕಳಿಸಿದ್ದರೆ ಮೂತಿಯದು ಬೇಡ, ಹೊಟ್ಟೆಯ ಕೆಳಗಿನದು, ರೆಕ್ಕೆ ಒಡಲಿಗೆ ಸೇರುವ ಜಾಗದ್ದು ಮತ್ತು ಸಂಡಾಸ ಕೋಣೆ ಕೆಳಗಿನದು ಇಲ್ಲಿ ಹಾಕು. ತುಕ್ಕು ಮೊದಲು ಕಾಣುವುದು ಅಲ್ಲೇ. ಕಬ್ಬು ಕಡಿದು ಮುಗಿದ ಮೇಲೆ ನಾನೇ ಜೊತೆಗೆ ಬಂದು ನೋಡುತ್ತೇನೆ, ಬಸ್ ಖರ್ಚೂ ಬೇಡ.