ಆಯುಷ್ಮಾನ್‌ನಂಥ ಸರ್ಕಾರಿ ಆರೋಗ್ಯ ವಿಮೆಯ ಖರ್ಚು ವರ್ಷ ವರ್ಷ ಏಕೆ ಏರುತ್ತದೆ?

ಹೆಚ್ಚಿನವರು ಮೊದಲು ಹೇಳುವುದು ಸುಳ್ಳು ಬಿಲ್ ಅಂತ. ಅದೂ ಇದೆ. ಆದರೆ ದೊಡ್ಡ ಕಾರಣ ನಮ್ಮ ಕಾಯಿಲೆಗಳೇ ಬದಲಾಗಿರುವುದು.

ಸಕ್ಕರೆ ಕಾಯಿಲೆ, ಬಿಪಿ ಈಗ ಮಲೆನಾಡಿನ ಹಳ್ಳಿಗಳಲ್ಲೂ ಮಾಮೂಲಿ. ಹೊಸನಗರದ ಕಡೆ ಅಡಿಕೆ ತೋಟದಲ್ಲಿ ಕೂಲಿ ಮಾಡುವ ಒಬ್ಬರನ್ನು ಅಂದುಕೊಳ್ಳಿ. ಬಿಪಿ ಮಾತ್ರೆ ಅರ್ಧಕ್ಕೇ ಬಿಟ್ಟರು. ಕೆಲವು ವರ್ಷದಲ್ಲಿ ಕಿಡ್ನಿ ಕೈಕೊಟ್ಟಿತು. ಆಮೇಲೆ ವಾರಕ್ಕೆ 2-3 ಸಲ ಡಯಾಲಿಸಿಸ್, ಪ್ರತಿ ಸಲ ಸುಮಾರು 4 ಗಂಟೆ. ಕಿಡ್ನಿ ಕಸಿ ಆಗದಿದ್ದರೆ ಇದು ಜೀವನಪೂರ್ತಿ. ವಿಮೆ ಡಯಾಲಿಸಿಸ್‌ಗೆ ದುಡ್ಡು ಕೊಡುತ್ತದೆ, ಅದನ್ನು ತಪ್ಪಿಸಬಹುದಾಗಿದ್ದ ದಿನದ ಮಾತ್ರೆಗೆ ಕೊಡುವುದಿಲ್ಲ. ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತಪ್ಪದೆ ಸಿಗಬೇಕು. ನನಗೆ ತುಂಬಾ ಬೇಸರ ಆಗುವುದು ಇಲ್ಲೇ.

ಇನ್ನೊಂದು ಕಾರಣ ವಯಸ್ಸು. ಮಕ್ಕಳು ಬೆಂಗಳೂರು ಸೇರಿದ್ದಾರೆ, ಊರಲ್ಲಿ ಉಳಿದವರು ಹಿರಿಯರು. 2024ರಲ್ಲಿ ಕೇಂದ್ರ ಸರ್ಕಾರ 70 ವರ್ಷ ತುಂಬಿದವರನ್ನೆಲ್ಲ ಆದಾಯ ನೋಡದೆ ಆಯುಷ್ಮಾನ್ ಭಾರತ್ ವ್ಯಾಪ್ತಿಗೆ ತಂದಿತು. ಒಳ್ಳೆಯ ಕೆಲಸ. ಆದರೆ ಆಸ್ಪತ್ರೆ ಜಾಸ್ತಿ ಬೇಕಾಗುವುದೂ ಆ ವಯಸ್ಸಿಗೇ ಅಲ್ವಾ?

ಎಲ್ಲ ಏರಿಕೆಯೂ ಕೆಟ್ಟದ್ದಲ್ಲ. ಎದೆನೋವು ಬಂದರೆ ಕಷಾಯ ಕುಡಿದು ಸುಮ್ನೆ ಮಲಗುತ್ತಿದ್ದವರು ಈಗ ಕಾರ್ಡ್ ಹಿಡಿದು ಶಿವಮೊಗ್ಗಕ್ಕೆ ಬರುತ್ತಾರೆ. ಸ್ಟೆಂಟ್ ಹಾಕಿಸಿಕೊಂಡು ತೋಟಕ್ಕೆ ಮರಳುತ್ತಾರೆ. ಈ ಖರ್ಚು ಆಗಲೇಬೇಕಾದದ್ದು.

ಹಾಗಾಗಿ ಒಟ್ಟು ಮೊತ್ತ ಒಂದನ್ನೇ ನೋಡಬೇಡಿ. ಎಷ್ಟು ಜನ ಚಿಕಿತ್ಸೆ ಪಡೆದರು, ಒಬ್ಬರಿಗೆ ಎಷ್ಟು ಬಿತ್ತು, ಎರಡನ್ನೂ ಬೇರೆ ಬೇರೆ ನೋಡಿ. ಸುಳ್ಳು ಬಿಲ್ ಹಿಡಿಯುವುದಕ್ಕೂ ಅದೇ ದಾರಿ: ಒಂದೇ ಆಸ್ಪತ್ರೆಯಲ್ಲಿ ಒಂದೇ ಆಪರೇಷನ್ ಇದ್ದಕ್ಕಿದ್ದಂತೆ ಹೆಚ್ಚಾದರೆ ಕೇಸ್ ಶೀಟ್ (ರೋಗಿಯ ಚಿಕಿತ್ಸೆಯ ದಾಖಲೆ) ತೆಗೆಸಿ ನೋಡಬೇಕು.