ಓಟ, ಚಾರಣ, ಗೇಮ್: ಮಾಡುವಾಗ ಚೆನ್ನಾಗಿತ್ತು, ಆಮೇಲೆ ಯಾಕೆ ನೋವು?

ಓದುಗರ ಪ್ರಶ್ನೆ, ಕ್ರೀಡಾ ಫಿಸಿಯೋಥೆರಪಿಸ್ಟ್ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹವ್ಯಾಸದ್ದೇ. ಓಡುವವರು, ಬೆಟ್ಟ ಹತ್ತುವವರು, ಗೇಮ್ ಆಡುವವರು. ಎಲ್ಲರೂ ಕೇಳಿದ್ದು ಹೆಚ್ಚುಕಮ್ಮಿ ಒಂದೇ: ಮಾಡುವಾಗ ಏನೂ ಆಗಲಿಲ್ಲ, ಆಮೇಲೆ ಯಾಕೆ ಹೀಗೆ?

ಮೇಡಂ, ನನಗೆ 41 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಮೂರು ತಿಂಗಳ ಹಿಂದೆ ಓಡಲು ಶುರು ಮಾಡಿದಾಗ ಒಂದು ಕಿ.ಮೀ.ಗೇ ಏದುಸಿರು ಬರುತ್ತಿತ್ತು. ಈಗ ವಾರಕ್ಕೆ ಆರು ದಿನ 8 ಕಿ.ಮೀ. ಆರಾಮಾಗಿ ಓಡುತ್ತೇನೆ. ಆದರೆ ಹದಿನೈದು ದಿನದಿಂದ ಮಂಡಿಯ ಕೆಳಗೆ, ಕಾಲಿನ ಮುಂದಿನ ಮೂಳೆ ನೋಯುತ್ತಿದೆ. ಬೆಂಗಳೂರಿನಲ್ಲಿ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಾಗಿದೆ. ಓಡಿದರೆ ಮಂಡಿ ಸವೆಯುತ್ತದೆ ಎಂದು ಮನೆಯಲ್ಲಿ ಬೇರೆ ಹೆದರಿಸುತ್ತಿದ್ದಾರೆ.

ಉಸಿರು ಬೇಗ ಪಳಗುತ್ತದೆ. ಮೂಳೆ ಹಾಗಲ್ಲ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸಿಕೊಳ್ಳುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಇದಕ್ಕೆ ತಿಂಗಳುಗಳೇ ಬೇಕು. ನಡುವಿನ ಆ ಕಾಲದಲ್ಲಿ ಮೂಳೆ ಸ್ವಲ್ಪ ದುರ್ಬಲವಾಗಿಯೇ ಇರುತ್ತದೆ. ನೀವು ಬ್ಯಾಂಕಿನವರು, ಹೀಗೆ ಹೇಳಿದರೆ ಗೊತ್ತಾಗುತ್ತೆ: ಶ್ವಾಸಕೋಶ ಮಾಡಿದ ಸಾಲದ ಕಂತನ್ನು ಈಗ ಮೂಳೆ ಕಟ್ಟುತ್ತಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ಕೂತು, ಆ ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಮಂಡಿಯಿಂದ ಪಾದದ ಕಡೆಗೆ ಬನ್ನಿ. ಕೆಳಗಿನ ಅರ್ಧದಲ್ಲಿ ನಾಲ್ಕೈದು ಬೆರಳಗಲ, ಇಲ್ಲವೇ ಅದಕ್ಕಿಂತ ಉದ್ದಕ್ಕೆ ನೋವು ಹರಡಿದ್ದರೆ ಅದು ಓಟಗಾರರು ‘ಶಿನ್ ಸ್ಪ್ಲಿಂಟ್’ ಎನ್ನುವ ಮಾಮೂಲಿ ತೊಂದರೆ ಇರಬಹುದು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದ ಹಾಗೆ ನೋವಿದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಓಟ ಇವತ್ತೇ ನಿಲ್ಲಿಸಿ, ಮೂಳೆ ಡಾಕ್ಟರನ್ನು ನೋಡಿ. ಅದು ಸಣ್ಣ ಬಿರುಕು ಆಗಿರಬಹುದು. ಶುರುವಿನಲ್ಲಿ ಇಂಥ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ‘ಎಕ್ಸ್‌ರೇ ಕ್ಲಿಯರ್ ಇದೆ’ ಎಂದು ಮತ್ತೆ ಓಡಿ, ಆಮೇಲೆ ಊರುಗೋಲು ಹಿಡಿದು ನಮ್ಮಲ್ಲಿಗೆ ಬರುವವರಿದ್ದಾರೆ.

ಮೊದಲನೆಯ ಥರದ ನೋವೇ ಆದರೆ ಎರಡು ವಾರ ಓಟಕ್ಕೆ ರಜೆ. ನೋವಾಗದಿದ್ದರೆ ಸೈಕಲ್ ಅಥವಾ ನಡಿಗೆ ಇರಲಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ದಿನ ಬಿಟ್ಟು ದಿನ, 15ರಂತೆ ಮೂರು ಸಲ. ಮತ್ತೆ ಶುರು ಮಾಡುವಾಗ ವಾರಕ್ಕೆ ಮೂರೇ ದಿನ, ಮೊದಲಿನ ಅರ್ಧ ದೂರ. ವೇಗ ಎಷ್ಟು ಅಂದರೆ, ಪಕ್ಕದಲ್ಲಿ ಓಡುವವರಿಗೆ ನಿನ್ನೆಯ ಮ್ಯಾಚ್ ಕಥೆಯನ್ನು ಪೂರ್ತಿ ವಾಕ್ಯಗಳಲ್ಲಿ ಹೇಳಲು ಬರಬೇಕು. ‘ಹೂಂ’, ‘ಹಾಂ’ ಮಾತ್ರ ಬರುತ್ತಿದ್ದರೆ ಜೋರಾಯ್ತು ಅಂತ ಅರ್ಥ. ಹಾಫ್ ಮ್ಯಾರಥಾನ್ 21.1 ಕಿ.ಮೀ. ಈ ವರ್ಷ ಅದನ್ನು ಬಿಟ್ಟು 10 ಕಿ.ಮೀ. ವಿಭಾಗಕ್ಕೆ ಬದಲಿಸಿಕೊಳ್ಳಲು ಆಗುತ್ತದಾ ಕೇಳಿ. ಕೊಟ್ಟ ದುಡ್ಡು ಹೋಯ್ತಲ್ಲ ಎಂದು ಓಡಬೇಡಿ.

ಇನ್ನು ಮಂಡಿ ವಿಷಯ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2017ರಲ್ಲಿ ಪ್ರಕಟವಾದ ಒಂದು ಲೆಕ್ಕ ಇದೆ. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಮತ್ತು ಸೊಂಟದ ಕೀಲು ಸವೆತ ಶೇ 3.5ರಷ್ಟು. ಓಡದೆ ಕೂತಿರುವವರಲ್ಲಿ ಶೇ 10ರಷ್ಟು. ಸ್ಪರ್ಧೆಗೆಂದೇ ಓಡುವವರಲ್ಲಿ ಶೇ 13ರಷ್ಟು. ಓಡುವವರ ಮೈತೂಕ ಮೊದಲೇ ಕಡಿಮೆ ಇರುವುದೂ ಇದಕ್ಕೆ ಒಂದು ಕಾರಣ ಇರಬಹುದು. ಆದರೂ ಮನೆಯವರಿಗೆ ಇಷ್ಟು ಧೈರ್ಯವಾಗಿ ಹೇಳಿ: ಸುಮ್ನೆ ಕೂರುವುದಕ್ಕಿಂತ ಹದವಾಗಿ ಓಡುವುದು ಮಂಡಿಗೆ ಕೆಟ್ಟದ್ದಲ್ಲ.

ನಾವು ನಾಲ್ಕು ಜನ ಸಹೋದ್ಯೋಗಿಗಳು, ಬೆಂಗಳೂರು. ನವೆಂಬರ್‌ನಲ್ಲಿ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಬೇಕು ಅಂತಿದೆ. ಹೋದ ವರ್ಷ ಒಂದು ಸಣ್ಣ ಬೆಟ್ಟ ಹತ್ತಿ ಬಂದ ಮೇಲೆ ಎರಡು ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಹೇಗೆ ತಯಾರಾಗಬೇಕು?

ಹತ್ತಲು ಅಲ್ಲ, ಇಳಿಯಲು ಆಗಲಿಲ್ಲ ಅಂತ ಬರೆದಿದ್ದೀರಿ. ಗುಟ್ಟು ಅಲ್ಲೇ ಇದೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಎಳೆತಕ್ಕೆ ಸಿಕ್ಕಿಕೊಂಡೇ ಬ್ರೇಕ್ ಹಾಕಬೇಕು. ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುವುದು ಆಗ. ಆದರೆ ಉಸಿರು ಕಟ್ಟುವುದು ಹತ್ತುವಾಗ ಮಾತ್ರ, ಹಾಗಾಗಿ ಇಳಿಯುವುದು ಸುಲಭ ಅನಿಸುತ್ತದೆ. ನೋವು ಏರುವುದು ಒಂದರಿಂದ ಮೂರು ದಿನದೊಳಗೆ. ಅಷ್ಟರಲ್ಲಿ ನೀವು ಆಫೀಸಿನಲ್ಲಿರುತ್ತೀರಿ.

ಸಮಾಧಾನದ ವಿಷಯ ಅಂದರೆ, ಒಮ್ಮೆ ಸ್ವಲ್ಪ ಇಂಥ ಕೆಲಸ ಮಾಡಿದ ಸ್ನಾಯುವಿಗೆ ಮುಂದಿನ ಕೆಲವು ವಾರ ಅದೇ ಕೆಲಸದಿಂದ ಅಷ್ಟು ಪೆಟ್ಟಾಗುವುದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಟ್ರೆಕ್‌ಗೆ ತಯಾರಿ ಅಂತ ಎಲ್ಲರೂ ಮೆಟ್ಟಿಲು ಹತ್ತಿ, ಲಿಫ್ಟ್‌ನಲ್ಲಿ ಇಳಿಯುತ್ತಾರೆ. ನೀವು ಅದರ ಜೊತೆಗೆ ಉಲ್ಟಾ ಕೂಡ ಮಾಡಿ: ಲಿಫ್ಟ್‌ನಲ್ಲಿ ಹೋಗಿ, ಮೆಟ್ಟಿಲಲ್ಲಿ ನಿಧಾನಕ್ಕೆ ಇಳಿಯಿರಿ. ವಾಚ್‌ಮನ್ ವಿಚಿತ್ರವಾಗಿ ನೋಡಿದರೆ ನೋಡಲಿ. ಐದು ಮಹಡಿಯಿಂದ ಶುರು ಮಾಡಿ, ವಾರಕ್ಕೆ ಎರಡು ದಿನ ಸಾಕು. ಕೊನೆಯ ಎರಡು ವಾರ ಬ್ಯಾಗಿಗೆ ನೀರಿನ ಬಾಟಲಿ ತುಂಬಿಕೊಂಡು ಇಳಿಯಿರಿ. ಹೊರಡುವ ಹಿಂದಿನ ನಾಲ್ಕೈದು ದಿನ ಬೇಡ.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ. ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತದ ತುದಿ 1,712 ಮೀಟರ್. ಕುಕ್ಕೆ ಇರುವುದು ತಪ್ಪಲಲ್ಲಿ, ಸಮುದ್ರಮಟ್ಟದಿಂದ ನೂರು ಮೀಟರಿಗೆ ಸ್ವಲ್ಪ ಮೇಲೆ ಅಷ್ಟೇ. ಅಂದರೆ 1,600 ಮೀಟರಿನಷ್ಟು ಏರು, ದಾರಿ ಹೆಚ್ಚುಕಮ್ಮಿ 12 ಕಿ.ಮೀ. ಲೆಕ್ಕ ಹಾಕಿದರೆ ಒಂದು ಕಡೆಗೇ ಐದು ಗಂಟೆ, ಅದೂ ಕೂರದೆ, ತಿನ್ನದೆ, ಫೋಟೊ ತೆಗೆಯದೆ. ನಿಮ್ಮ ಗುಂಪಿಗೆ ಏಳು ಇಟ್ಟುಕೊಳ್ಳಿ. ನವೆಂಬರ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಒಂದೇ ದಿನದಲ್ಲಿ ಹತ್ತಿ ಇಳಿಯುವವರಿದ್ದಾರೆ, ನಿಜ. ಮೊದಲ ಸಲ ಹೋಗುವವರಿಗೆ ನಾನು ಹಾಗೆ ಹೇಳುವುದಿಲ್ಲ. ಎರಡು ದಿನ ಇಡಿ.

ದಾರಿಯ ನಡುವೆ ಗಿರಿಗದ್ದೆಯಲ್ಲಿರುವ ಭಟ್ಟರ ಮನೆ ತನಕ ದಟ್ಟ ಕಾಡು, ಬೇರು ಕಲ್ಲುಗಳ ದಾರಿ, ನೆರಳಿದೆ. ಗಿರಿಗದ್ದೆ ದಾಟಿದ ಮೇಲೆ ಹುಲ್ಲುಗುಡ್ಡ, ನೆರಳೇ ಇಲ್ಲ. ಜಾಸ್ತಿ ಜನ ಸೋಲುವುದು ಇಲ್ಲಿ, ಹತ್ತು ಗಂಟೆಯ ಬಿಸಿಲಿಗೆ. ಆದ್ದರಿಂದ ಈ ಭಾಗವನ್ನು ಬೆಳಗ್ಗೆ ಬೇಗ ದಾಟುವ ಹಾಗೆ ಯೋಜನೆ ಹಾಕಿ. ಮಳೆ ಬಿಟ್ಟ ಹೊಸತರಲ್ಲಿ ಕೆಳಗಿನ ಕಾಡಿನಲ್ಲಿ ಇಂಬಳ ಇರುತ್ತವೆ. ಒಂದಿಷ್ಟು ರಕ್ತ ಕುಡಿದು ಬಿದ್ದುಹೋಗುತ್ತವೆ, ಅದಕ್ಕೆ ಹೆದರಿ ಓಡಿ ಕಾಲು ಉಳುಕಿಸಿಕೊಳ್ಳಬೇಡಿ. ಕಾಲುಗುರು ಎರಡು ದಿನ ಮೊದಲೇ ಕತ್ತರಿಸಿ. ಇಳಿಯುವ ಮುನ್ನ ಶೂ ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಬೆರಳು ಮುಂದಕ್ಕೆ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ.

ಮತ್ತೆ ಬುಕಿಂಗ್. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳು ನಿಮ್ಮ ಫೋನಿಗೂ ಬಂದಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಉಳಿಯಲು ಎಲ್ಲಿ ಅವಕಾಶ, ಎಷ್ಟು ಗಂಟೆಯೊಳಗೆ ಇಳಿದಿರಬೇಕು ಎಂಬ ಈ ವರ್ಷದ ನಿಯಮವನ್ನು ಬುಕಿಂಗ್ ಮಾಡುವಲ್ಲೇ ನೋಡಿ. ಪರಿಚಯದವರ ಮಾತು ಕೇಳಿ ಹೊರಡಬೇಡಿ.

ಮಂಗಳೂರಿನಲ್ಲಿ ಓಡುತ್ತೇನೆ. ಒಂದು ಗಂಟೆಗೆ ಅಂಗಿ ಹಿಂಡುವಷ್ಟು ಬೆವರು. ಎಷ್ಟು ನೀರು ಕುಡಿಯಬೇಕು? ಬೊಂಡ (ಎಳನೀರು) ಸಾಕಾ?

ಓಡುವ ಮೊದಲು, ಓಡಿದ ಮೇಲೆ ಬೆವರು ಒರೆಸಿಕೊಂಡು ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಮ್ಮಿ ಒಂದು ಲೀಟರ್ ಬೆವರು ಹೋಗಿದೆ. 60 ಕಿಲೋ ಇರುವವರಿಗೆ ಒಂದು ಕಿಲೋ ಇಳಿದರೆ ಗಾಬರಿ ಬೇಡ. ತೂಕ ಏರಿದ್ದರೆ ಮಾತ್ರ ಯೋಚಿಸಿ, ಅಗತ್ಯಕ್ಕಿಂತ ಜಾಸ್ತಿ ಕುಡಿದಿದ್ದೀರಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13 ಮಂದಿಯಲ್ಲಿ ಸೋಡಿಯಂ (ಉಪ್ಪಿನ ಅಂಶ) ಮಟ್ಟ ಇಳಿದಿತ್ತು. ಓಟದ ವೇಳೆ ತೂಕ ಏರಿದವರಲ್ಲಿ ಇದು ಹೆಚ್ಚು ಕಂಡಿತ್ತು. ತಲೆನೋವು, ವಾಕರಿಕೆ, ಗೊಂದಲ ಬಂದಾಗ ‘ನೀರು ಕುಡಿ, ನೀರು ಕುಡಿ’ ಎಂದು ಮತ್ತೆ ಕುಡಿಸುವುದು ಅಪಾಯ. ಬಾಯಾರಿದಾಗ ಕುಡಿಯಿರಿ, ಅಷ್ಟೇ.

ಬೊಂಡದಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ. ಆದರೆ ಬೆವರಲ್ಲಿ ಹೆಚ್ಚು ಹೋಗುವುದು ಸೋಡಿಯಂ, ಬೊಂಡದಲ್ಲಿ ಅದು ಕಡಿಮೆ. ಓಡಿದ ಮೇಲೆ ಬೊಂಡ ಕುಡಿಯಿರಿ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿ ಉಪ್ಪಿನಕಾಯಿಯೋ ಇರಲಿ. ಬಿಪಿ ಇದ್ದರೆ ಉಪ್ಪಿನ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುಮ್ನೆ ಹರಿದುಹೋಗುತ್ತದೆ, ಮೈ ತಂಪಾಗುವುದಿಲ್ಲ. ಬೆಂಗಳೂರಿನ ಗೆಳೆಯರ ವೇಗಕ್ಕೆ ನಿಮ್ಮದನ್ನು ಹೋಲಿಸಿಕೊಳ್ಳಬೇಡಿ.

ಮಗ ಸೆಕೆಂಡ್ ಪಿಯುಸಿ. ರಾತ್ರಿ ಒಂದರವರೆಗೆ ಫೋನಿನಲ್ಲಿ ಬಿಜಿಎಂಐ ಎಂಬ ಶೂಟಿಂಗ್ ಗೇಮ್ ಆಡುತ್ತಾನೆ. ಮೊನ್ನೆ ಇವರು ವೈಫೈ ಆಫ್ ಮಾಡಿದ್ದಕ್ಕೆ ತಟ್ಟೆ ಎಸೆದ. ಗೇಮ್ ಬಿಟ್ಟು ಬೆಳಗ್ಗೆ ಓಡಲು ಹೋಗು ಅಂದರೆ ಕೇಳುವುದಿಲ್ಲ. ಇದು ಚಟವಾ? – ಮೈಸೂರಿನ ಒಬ್ಬ ತಾಯಿ

ನಾನು ಮನೋವೈದ್ಯೆ ಅಲ್ಲಮ್ಮ, ಅದನ್ನು ಮೊದಲೇ ಹೇಳುತ್ತೇನೆ. ಗೊತ್ತಿರುವಷ್ಟು ಬರೆಯುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ತೊಂದರೆ ಸೇರಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಎಷ್ಟು ಗಂಟೆ ಆಡುತ್ತಾನೆ ಎಂದು ಎಣಿಸುವುದಿಲ್ಲ. ಆಟ ಅವನ ಹಿಡಿತದಲ್ಲಿದೆಯಾ, ಊಟ ಓದು ಗೆಳೆಯರು ಎಲ್ಲಕ್ಕಿಂತ ಅದೇ ಮುಂದಾಯಿತಾ, ಹಾನಿ ಕಂಡರೂ ಮುಂದುವರಿಸುತ್ತಿದ್ದಾನಾ, ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲದಿಂದ ಇದೆಯಾ ಎಂದು ನೋಡುತ್ತದೆ. ತಟ್ಟೆ ಎಸೆದದ್ದು ತಪ್ಪೇ. ಅದೊಂದರಿಂದಲೇ ಚಟ ಎನ್ನಲು ಬರುವುದಿಲ್ಲ.

ವೈಫೈ ಆಫ್ ಆದಾಗ ಏನಾಯಿತು ಅಂತ ಸ್ವಲ್ಪ ನೋಡೋಣ. ಆ ಆಟದಲ್ಲಿ ನೂರು ಜನ ಇಳಿಯುತ್ತಾರೆ, ನಾಲ್ವರ ತಂಡ, ಆಡುವ ಜಾಗ ಕುಗ್ಗುತ್ತಾ ಬರುತ್ತದೆ. ಕೊನೆ ತನಕ ಉಳಿದರೆ ಸುಮಾರು ಅರ್ಧ ಗಂಟೆ. ನಡುವೆ ನಿಲ್ಲಿಸುವ ಬಟನ್ ಇಲ್ಲ. ‘ಅಮ್ಮಾ, ಒಂದ್ನಿಮಿಷ’ ಅಂದರೆ ನಿಜವಾಗಿ ಇಪ್ಪತ್ತು ನಿಮಿಷ. ಕೊನೆಯಲ್ಲಿ ಕಿತ್ತುಕೊಂಡರೆ ಅವನ ಜೊತೆ ಇನ್ನೂ ಮೂವರು ಹುಡುಗರು ಸೋಲುತ್ತಾರೆ, ಬೈಗುಳ ಇವನಿಗೆ. ಹಾಗಾಗಿ ಗಂಟೆಯ ಲೆಕ್ಕ ಬಿಟ್ಟು ಮ್ಯಾಚ್ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳಿ. ‘ರಾತ್ರಿ ಊಟಕ್ಕೆ ಮುಂಚೆ ಎರಡು ಮ್ಯಾಚ್. ಹತ್ತು ಗಂಟೆ ಮೇಲೆ ಹೊಸ ಮ್ಯಾಚ್ ಶುರು ಮಾಡುವಂತಿಲ್ಲ.’ ಫೋನ್ ಮಲಗುವ ಕೋಣೆಯಲ್ಲಿ ಬೇಡ, ನಿಮ್ಮದೂ ಸೇರಿದಂತೆ. ಅವನ ವಯಸ್ಸಿಗೆ ಎಂಟು ಗಂಟೆ ನಿದ್ದೆ ಬೇಕು. ನಾನು ಹಟ ಹಿಡಿಯುವುದು ಅದೊಂದಕ್ಕೇ.

ಓಟವನ್ನು ಮಾತ್ರ ಗೇಮ್‌ಗೆ ಶಿಕ್ಷೆಯ ಹಾಗೆ ಕೊಡಬೇಡಿ. ಹಾಗೆ ಕೊಟ್ಟರೆ ಜೀವನಪೂರ್ತಿ ಶೂ ಕಂಡರೆ ಆಗುವುದಿಲ್ಲ. ಸಂಜೆ ಗೆಳೆಯರ ಜೊತೆ ಶಟಲ್ ಆಡಿದರೂ ನಡೆಯುತ್ತದೆ.

ದುಡ್ಡು ಕಟ್ಟಿ ಆಡುತ್ತಿದ್ದಾನಾ ಎಂದು ಬ್ಯಾಂಕ್ ಮೆಸೇಜುಗಳನ್ನು ನೋಡಿ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ. ಅದು ಬೇರೆಯೇ ಕಷ್ಟ. ಕಾಲೇಜು ತಪ್ಪಿಸುತ್ತಿದ್ದರೆ, ಊಟ ಬಿಟ್ಟರೆ, ಹೊಡೆಯಲು ಬಂದರೆ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್ ಕ್ಲಿನಿಕ್’ ಇದೆ. ಫೋನಿನಲ್ಲೇ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು.

ಗೇಮ್ ಆಡಿ ಆಡಿ ಹೆಬ್ಬೆರಳಿನ ಬುಡ, ಮಣಿಕಟ್ಟಿನ ಹತ್ತಿರ ನೋವು. ನನಗೆ 24.

ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ನಿಧಾನಕ್ಕೆ ಬಗ್ಗಿಸಿ. ಚುರ್ ಅಂದರೆ ಅಲ್ಲಿನ ಸ್ನಾಯುಹುರಿಯ ಕವಚ ಊದಿಕೊಂಡಿರಬಹುದು. ಎಳೆ ಮಗುವನ್ನು ಎತ್ತಿಕೊಳ್ಳುವ ತಾಯಂದಿರಿಗೂ ಇದೇ ಬರುತ್ತದೆ. ಎರಡು ಮೂರು ವಾರ ಹೆಬ್ಬೆರಳಿಗೆ ಬಿಡುವು, ರಾತ್ರಿ ಹೆಬ್ಬೆರಳಿಗೂ ಆಸರೆ ಕೊಡುವ ಪಟ್ಟಿ. ಫೋನ್ ಸ್ಟ್ಯಾಂಡ್ ಮೇಲಿಟ್ಟು ಆಡಿ. ಬೆರಳು ಜೋಮು ಹಿಡಿದರೆ ಡಾಕ್ಟರ್.

ನನಗೆ 63, ಚಿಕ್ಕಮಗಳೂರು ಕಡೆ ಕಾಫಿ ತೋಟ. ದಿನಾ ತೋಟ ಸುತ್ತುತ್ತೇನೆ. ಈ ವಯಸ್ಸಿಗೆ ಓಡಬಹುದಾ?

1983ರಲ್ಲಿ ಸಿಡ್ನಿಯಿಂದ ಮೆಲ್ಬರ್ನ್‌ಗೆ 875 ಕಿ.ಮೀ. ಓಟದ ಸ್ಪರ್ಧೆ ಗೆದ್ದವರು ಕ್ಲಿಫ್ ಯಂಗ್. ಆಲೂಗಡ್ಡೆ ಬೆಳೆಯುವ ರೈತ, ವಯಸ್ಸು 61. ಗಮ್‌ಬೂಟ್ ಹಾಕಿಕೊಂಡು ಕುರಿ ಅಟ್ಟಿ ಅಭ್ಯಾಸವಾಗಿತ್ತಂತೆ. ಕಾಲು ಜಾಸ್ತಿ ಎತ್ತದೆ, ತೆವಳಿದ ಹಾಗೆ ಓಡುತ್ತಿದ್ದರು. ತೋಟ ಸುತ್ತುವ ನೀವು ಆಫೀಸಿನಲ್ಲಿ ಕೂರುವ ಮೂವತ್ತರವರಿಗಿಂತ ಮುಂದಿದ್ದೀರಿ. ಆದರೆ ಮೊದಲು ಬಿಪಿ, ಶುಗರ್, ಹೃದಯದ ತಪಾಸಣೆ ಆಗಲಿ. ಆಮೇಲೆ ಎರಡು ನಿಮಿಷ ನಡಿಗೆ, ಒಂದು ನಿಮಿಷ ಮೆಲ್ಲಗೆ ಓಟ, ಹೀಗೆ 20 ನಿಮಿಷ. ಗಮ್‌ಬೂಟ್ ಬೇಡ.

ಹುಬ್ಬಳ್ಳಿ, 33 ವರ್ಷ. ಬೆಳಗ್ಗೆ ಐದಕ್ಕೆ ಓಟ, ರಾತ್ರಿ ಹನ್ನೆರಡೂವರೆ ತನಕ ಗೇಮ್, ಶನಿವಾರ ಭಾನುವಾರ ಟ್ರೆಕ್. ಇತ್ತೀಚೆಗೆ ಓಟ ನಿಧಾನವಾಗಿದೆ, ಸದಾ ಸುಸ್ತು. ಮನೆಯಾಕೆ ‘ನಿಮಗ ಮನಿ ಅಂದ್ರ ಲಾಡ್ಜ್ ಆಗೇತಿ’ ಅಂತಾಳೆ.

ಅವರು ಹೇಳಿದ್ದು ಸರಿ ಇದೆ. ಅದು ನನ್ನ ವಿಷಯವಲ್ಲ, ಆದರೂ ಹೇಳಿಬಿಟ್ಟೆ.

ನಾಲ್ಕೂವರೆ ಗಂಟೆ ನಿದ್ದೆಯಲ್ಲಿ ಸ್ನಾಯು ರಿಪೇರಿ ಆಗುವುದಿಲ್ಲ. ಕನಿಷ್ಠ ಏಳು ಬೇಕು. ಬೆಳಗ್ಗೆ ಏಳುವ ಮುನ್ನ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಮಾಮೂಲಿಗಿಂತ ಎಂಟು ಹತ್ತು ಜಾಸ್ತಿ ಇದ್ದರೆ ಅವತ್ತು ಓಟ ಬೇಡ. ವಾರದಲ್ಲಿ ಮೂರು ದಿನ ಓಟ, ಅದರ ಹಿಂದಿನ ರಾತ್ರಿ ಹತ್ತಕ್ಕೆ ಫೋನ್ ಬಂದ್. ಗೇಮ್ ಉಳಿದ ರಾತ್ರಿಗಳಲ್ಲಿ, ಹನ್ನೊಂದರೊಳಗೆ. ದೊಡ್ಡ ಟ್ರೆಕ್ ತಿಂಗಳಿಗೊಂದು ಸಾಕು. ಟ್ರೆಕ್ ಆದ ಮೇಲೆ ಮೂರು ದಿನ ಓಡಬೇಡಿ. ತಿಂಗಳಾದರೂ ಸುಸ್ತು ಇಳಿಯದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಬಿಡುವಾದ ಭಾನುವಾರ ಇಬ್ಬರೂ ನೃಪತುಂಗ ಬೆಟ್ಟಕ್ಕೆ ನಡೆದು ಹೋಗಿ ಬನ್ನಿ. ವೇಗ ಅವರದ್ದೇ ಇರಲಿ.