ಆಟಕ್ಕುಂಟು, ಲೆಕ್ಕಕ್ಕಿಲ್ಲ: ಕಯಾಕ್ ಮೀನುಬೇಟೆ ಸ್ಪರ್ಧೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ದೊಡ್ಡ ದೋಣಿಗಳ ಸ್ಪರ್ಧೆಯಲ್ಲಿ ಮೀನನ್ನು ದಡಕ್ಕೆ ತಂದು ತೂಗುತ್ತಾರೆ. ಕಯಾಕ್ ಸ್ಪರ್ಧೆಯಲ್ಲಿ ಮಾತ್ರ ಉದ್ದ ಅಳೆದು ಫೋಟೋ ಕಳಿಸಿ ಎನ್ನುತ್ತಾರೆ. ತಕ್ಕಡಿಯನ್ನಾದರೂ ನಂಬಬಹುದು, ಫೋಟೋವನ್ನು ನಂಬುವುದು ಹೇಗೆ?

ಉತ್ತರ: ಮೊದಲ ಕಾರಣ ಜಾಗ. ಐದು ಮೀನನ್ನು ಸಂಜೆಯವರೆಗೆ ಜೀವಂತ ಇಡಬೇಕೆಂದರೆ ಪಂಪು ಇರುವ ನೀರಿನ ತೊಟ್ಟಿ ಬೇಕು. ಒಬ್ಬರು ಕೂರುವ ಕಯಾಕಿನಲ್ಲಿ ಅದಕ್ಕೆ ಜಾಗವೂ ಇಲ್ಲ, ಅಷ್ಟು ಭಾರ ಹೊರುವ ಶಕ್ತಿಯೂ ಇಲ್ಲ. ಹಾಗಾಗಿ ಹಿಡಿ, ಫೋಟೋ ತೆಗೆ, ಅಲ್ಲೇ ಬಿಡು ಎಂಬ ಪದ್ಧತಿ ಬಂತು.

ಇನ್ನು ತಕ್ಕಡಿಯ ಮಾತು. 2022ರಲ್ಲಿ ಅಮೆರಿಕದ ಈರಿ ಸರೋವರದ ಸ್ಪರ್ಧೆಯೊಂದರಲ್ಲಿ ಕ್ಲೀವ್‌ಲ್ಯಾಂಡ್ ದಡದಲ್ಲಿ ಗೆದ್ದ ಇಬ್ಬರ ವಾಲೈ ಮೀನುಗಳ ಹೊಟ್ಟೆ ಕೊಯ್ದಾಗ ಸೀಸದ ಗುಂಡುಗಳು ಬಿದ್ದವು. ಇಬ್ಬರೂ ತಪ್ಪೊಪ್ಪಿಕೊಂಡು, ಮರುವರ್ಷ ಹತ್ತು ದಿನ ಜೈಲು ಶಿಕ್ಷೆ ಪಡೆದರು. ಸೀಸ ನುಂಗಿಸಿದರೆ ಮೀನು ಭಾರವಾದೀತು, ಉದ್ದವಾಗದು. ಫೋಟೋಗೆ ಅದರದೇ ತೊಂದರೆಗಳಿವೆ. ನೀರಿನ ಮೇಲೆ ನೀವು ಒಬ್ಬರೇ, ತೀರ್ಪುಗಾರರ ಕೈಗೆ ಸಿಗುವುದು ಆ ಒಂದು ಚಿತ್ರ ಮಾತ್ರ. ಆದ್ದರಿಂದಲೇ ಚಿತ್ರದಲ್ಲಿ ಅನುಮಾನ ಕಂಡರೆ ಅದರ ಲಾಭ ಸ್ಪರ್ಧಿಗೆ ಸಿಗುವುದಿಲ್ಲ.

ಲೆಕ್ಕ ಸರಳ. ಸಾಮಾನ್ಯವಾಗಿ ಅತಿ ಉದ್ದದ ಐದು ಮೀನುಗಳ ಇಂಚುಗಳನ್ನು ಕೂಡುತ್ತಾರೆ. 18.25, 17.5, 16.75, 16, 15.25 ಇದ್ದರೆ ಮೊತ್ತ 83.75. ಆಮೇಲೆ 17 ಇಂಚಿನದೊಂದು ಸಿಕ್ಕರೆ 15.25ರದು ತಾನಾಗಿ ಪಟ್ಟಿಯಿಂದ ಬಿದ್ದು ಮೊತ್ತ 85.5 ಆಗುತ್ತದೆ. ಚಿಕ್ಕದನ್ನು ಆಗಲೇ ನೀರಿಗೆ ಬಿಟ್ಟಾಗಿರುವುದರಿಂದ ಅದಕ್ಕೂ ನಷ್ಟವಿಲ್ಲ.

ಪ್ರಶ್ನೆ: ನನ್ನ ಕಣ್ಣಿಗೆ ಹದಿನೇಳೂವರೆ ಇಂಚು ಇದ್ದ ಬಾಸ್ ಮೀನಿಗೆ 17.25 ಕೊಟ್ಟರು. ಇನ್ನೊಂದರ ಫೋಟೋವನ್ನು ಪೂರ್ತಿ ತಿರಸ್ಕರಿಸಿದರು. ಎಲ್ಲಿ ಎಡವಿದೆ?

ಉತ್ತರ: ಮೊದಲನೆಯದರ ಉತ್ತರ ಮೀನನ್ನು ಮಲಗಿಸಿ ಅಳೆಯುವ ಹಲಗೆಯ ಗೆರೆಯಲ್ಲಿದೆ. ಅಳತೆ ಸಾಮಾನ್ಯವಾಗಿ ಕಾಲು ಇಂಚಿನ ಲೆಕ್ಕದಲ್ಲಿ, ಅದೂ ಕೆಳಮುಖವಾಗಿ. ಬಾಲದ ತುದಿ 17.5ರ ಗೆರೆಯನ್ನು ಮುಟ್ಟಿರಬೇಕು, ಮುಟ್ಟಿದ್ದು ಚಿತ್ರದಲ್ಲಿ ಕಾಣಬೇಕು. ಕೂದಲೆಳೆಯಷ್ಟು ಹಿಂದೆ ನಿಂತರೂ ಅದು 17.25. ಇದರಲ್ಲಿ ಅನ್ಯಾಯವೇನಿಲ್ಲ, ಎಲ್ಲರ ಮೀನಿಗೂ ಅದೇ ಕತ್ತರಿ.

ತಿರಸ್ಕಾರಕ್ಕೆ ಕಾರಣಗಳು ಹಲವು. ಒಪ್ಪುವ ಚಿತ್ರ ಹೀಗಿರುತ್ತದೆ: ಮೀನಿನ ತಲೆ ಎಡಕ್ಕೆ, ಹೊಟ್ಟೆ ನಿಮ್ಮ ಕಡೆಗೆ, ಬಾಯಿ ಮುಚ್ಚಿ ಹಲಗೆಯ ಎಡತುದಿಯ ತಡೆಗೆ ತಾಗಿರಬೇಕು. ಮೂತಿಯಿಂದ ಬಾಲದವರೆಗೆ ಪೂರ್ತಿ ಮೀನು, ಅಂಕಿಗಳು, ಆ ಸ್ಪರ್ಧೆಯ ಸಂಕೇತ ಬರೆದ ಗುರುತು ಚೀಟಿ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಬಾಯಿ ತೆರೆದರೆ ಕೆಳದವಡೆಯ ಜಾಗ ಬದಲಾಗಿ ಅಳತೆ ನಂಬುವಂತಿರುವುದಿಲ್ಲ. ಕೆಲವು ಸ್ಪರ್ಧೆಗಳಲ್ಲಿ ಅದಕ್ಕೆ ಇಂಚು ಕಳೆಯುತ್ತಾರೆ, ಕೆಲವೆಡೆ ಚಿತ್ರವನ್ನೇ ಬಿಸಾಡುತ್ತಾರೆ. ಬಾಲದ ಎರಡು ಕವಲನ್ನು ಒತ್ತಿ ಸೇರಿಸಿ ಅಳೆಯಬಹುದೇ ಎಂಬುದೂ ನಿಯಮಪುಸ್ತಕದಲ್ಲೇ ಇರುತ್ತದೆ, ಊಹೆ ಬೇಡ.

ಕೈ ಎಲ್ಲಿದೆ ಎಂಬುದು ಬಹಳ ಜನ ಮರೆಯುವ ವಿಷಯ. ಅಂಗೈಯನ್ನು ಮೀನಿನ ಮೈಮೇಲೆ ಮೆತ್ತಗೆ ಇಡಬಹುದು. ಬೆರಳು ಕಿವಿರಿನ ಮುಚ್ಚಳದೊಳಗೆ ಹೋಗಿದ್ದರೆ, ಕಣ್ಣು ಮುಚ್ಚಿದ್ದರೆ ಅಥವಾ ಮೂತಿ ಮತ್ತು ತಡೆಯ ನಡುವಿನ ಜಾಗವನ್ನು ಮರೆಮಾಡಿದ್ದರೆ ಚಿತ್ರ ಹೋಯಿತೆಂದೇ ತಿಳಿಯಿರಿ. ಮೂತಿ ತಡೆಗೆ ತಾಗಿದೆಯೋ ಇಲ್ಲವೋ ತೀರ್ಪುಗಾರರಿಗೆ ಕಾಣಲೇಬೇಕು.

ಮೂರನೆಯದು ಕ್ಯಾಮೆರಾದ ಕೋನ. ಫೋನನ್ನು ತಲೆಯ ಕಡೆಗೆ ವಾಲಿಸಿ ಹಿಡಿದಾಗ, ಹಲಗೆಯಿಂದ ತುಸು ಎದ್ದ ಬಾಲ ಮುಂದಿನ ಗೆರೆಯ ಮೇಲೆ ಬಿದ್ದಂತೆ ಕಾಣುತ್ತದೆ, ಮೀನು ಇದ್ದದ್ದಕ್ಕಿಂತ ಉದ್ದವಾಗುತ್ತದೆ. ತೀರ್ಪುಗಾರರಿಗೆ ಈ ಚಮತ್ಕಾರ ಚೆನ್ನಾಗಿ ಗೊತ್ತು. ಹಲಗೆಯ ನಡುವಿಗೆ ನೇರ ಮೇಲಿಂದ ತೆಗೆಯಿರಿ, ಬಾಲವನ್ನು ಹಲಗೆಗೆ ಚಪ್ಪಟೆಯಾಗಿ ಮಲಗಿಸಿ.

ಕೆಲಸದ ಕ್ರಮವೂ ಮುಖ್ಯ. ಮೀನು ಬಲೆಯೊಳಗೆ, ಬಲೆ ನೀರೊಳಗೆ ಇರುವಾಗಲೇ ಉಳಿದದ್ದೆಲ್ಲ ಸಿದ್ಧವಾಗಲಿ: ಹಲಗೆ ತೊಡೆಯ ಮೇಲೆ, ಅದನ್ನು ನೀರಲ್ಲಿ ಅದ್ದಿ ತೇವ ಮಾಡಿ, ಚೀಟಿ ಸಿಕ್ಕಿಸಿ, ಫೋನಿನ ಲೆನ್ಸ್ ಒರೆಸಿ. ಆಮೇಲೆ ಮೀನನ್ನೆತ್ತಿ ಎರಡು ಮೂರು ಚಿತ್ರ ತೆಗೆದು ಮತ್ತೆ ಬಲೆಗೇ ಇಳಿಸಿ. ಚಿತ್ರವನ್ನು ಹಿಗ್ಗಿಸಿ ನೋಡಿ, ಮೂತಿ, ಬಾಲ, ಚೀಟಿ ಮೂರೂ ಸರಿಯಿದ್ದರೆ ಮಾತ್ರ ಬಿಡಿ. ಮೊದಲು ಬಿಟ್ಟು ಆಮೇಲೆ ನೋಡುವವರೇ ಹೆಚ್ಚು. ಹಲಗೆಗೆ ಒಂದು ದಾರ ಕಟ್ಟಿರಲಿ. ಒದ್ದಾಡುವ ಮೀನಿನ ಜತೆ ಹಲಗೆಯೂ ಮುಳುಗಿದರೆ ಆ ದಿನದ ಆಟ ಅಲ್ಲಿಗೆ ಮುಗಿದಂತೆ.

ಪ್ರಶ್ನೆ: ಹಲಗೆಯ ಅಂಕಿಗಳು ಮಾಸಿವೆ. ಮಾರ್ಕರ್‌ನಿಂದ ತಿದ್ದಿದರೆ ತಪ್ಪೇ?

ಉತ್ತರ: ಗೆರೆಗಳ ತೋಡಿನೊಳಗೆ ಕಪ್ಪು ಬಣ್ಣ ತುಂಬಿ ಎದ್ದು ಕಾಣುವಂತೆ ಮಾಡುವುದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಹೊಸ ಗೆರೆ ಎಳೆಯುವುದು, ಮುರಿದ ಪ್ಲಾಸ್ಟಿಕ್ ಹಲಗೆಯನ್ನು ಅಂಟಿಸಿ ತರುವುದು, ತಡೆಯನ್ನು ಉಜ್ಜಿ ತೆಳು ಮಾಡುವುದು, ಇವು ಮೂರೂ ಅನರ್ಹತೆಗೆ ದಾರಿ. ಕೆಲವು ಸ್ಪರ್ಧೆಗಳು ಇಂಥದೇ ಹಲಗೆ ಬೇಕು ಎಂದು ಹೆಸರು ಹೇಳುತ್ತವೆ. ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಹೋದ ವಾರ ಹಿಡಿದ ಮೀನಿನ ಫೋಟೋ ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ? ಒಂದೇ ಮೀನನ್ನು ಎರಡು ಸಲ ತೋರಿಸಿದರೆ?

ಉತ್ತರ: ಗೊತ್ತಾಗುತ್ತದೆ. ಗುರುತು ಚೀಟಿ ಇರುವುದೇ ಅದಕ್ಕೆ. ಅದರ ಸಂಕೇತವನ್ನು ಹಿಂದಿನ ರಾತ್ರಿ ಅಥವಾ ಅದೇ ಬೆಳಿಗ್ಗೆ ಪ್ರಕಟಿಸುತ್ತಾರೆ, ಹಾಗಾಗಿ ಹಳೆಯ ಚಿತ್ರದಲ್ಲಿ ಅದಿರಲು ಸಾಧ್ಯವಿಲ್ಲ. ನೀರು ತಾಗದ ಕಾಗದ ಇಲ್ಲದಿದ್ದರೆ ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಕಲೆಸಿಹೋಗುತ್ತದೆ. ಚೀಟಿ ಮರೆತರೆ ಆ ಮೀನು ಎಷ್ಟೇ ದೊಡ್ಡದಿರಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಚಿತ್ರದ ಕಡತದಲ್ಲಿ ತೆಗೆದ ಸಮಯ, ಸ್ಥಳ ದಾಖಲಾಗಿರುತ್ತವೆ. ಆದ್ದರಿಂದ ಕತ್ತರಿಸಿದ, ತಿದ್ದಿದ ಚಿತ್ರವನ್ನಾಗಲಿ ಸ್ಕ್ರೀನ್‌ಶಾಟನ್ನಾಗಲಿ ಕಳಿಸಬೇಡಿ. ಫೋನಿನ ಗಡಿಯಾರ ತಾನಾಗಿ ಸರಿಹೊಂದುವಂತಿರಲಿ, ಸ್ಥಳ ಗುರುತಿಸುವ ಸೌಲಭ್ಯ ಆನ್ ಇರಲಿ. ಸಿಗ್ನಲ್ ಇಲ್ಲದ ಕಡೆ ಚಿತ್ರ ತೆಗೆದಿಟ್ಟು ಆಮೇಲೆ ಕಳಿಸಬಹುದು, ಆದರೆ ಗಡುವಿನೊಳಗೆ.

ಒಂದೇ ಮೀನನ್ನು ಎರಡು ಸಲ ತೋರಿಸುವವರು ಅದನ್ನು ತಿರುಗಿಸಿ ಮಲಗಿಸಲು ನೋಡುತ್ತಾರೆ. ತಲೆ ಎಡಕ್ಕೇ, ಹೊಟ್ಟೆ ನಿಮ್ಮ ಕಡೆಗೇ ಇರಬೇಕೆಂಬ ನಿಯಮದ ಒಂದು ಉಪಯೋಗ ಇದು, ಎಲ್ಲ ಚಿತ್ರದಲ್ಲೂ ಎಡ ಮಗ್ಗುಲೇ ಬರುತ್ತದೆ. ಮೈಮೇಲಿನ ಮಚ್ಚೆ, ಹರಿದ ರೆಕ್ಕೆ, ಉದುರಿದ ಹುರುಪೆ, ಬಾಲದ ಗಾಯ ಹೋಲಿಸಿದರೆ ಸಾಕು, ಬೆರಳಚ್ಚಿನಷ್ಟೇ ಸ್ಪಷ್ಟ. ಪ್ರಾಮಾಣಿಕವಾಗಿಯೇ ಅದೇ ಮೀನು ಮತ್ತೆ ಗಾಳಕ್ಕೆ ಬಿದ್ದರೂ ನಿಮಗೆ ಅದು ಒಂದೇ ಮೀನು.

ಪ್ರಶ್ನೆ: ಫೋಟೋ ಗಡಿಬಿಡಿಯಲ್ಲಿ ಮೀನು ಸತ್ತರೆ?

ಉತ್ತರ: ಸತ್ತ ಮೀನಿಗೆ ಏನು ಶಿಕ್ಷೆ ಎಂಬುದು ಆಯಾ ಸ್ಪರ್ಧೆಗೆ ಬಿಟ್ಟದ್ದು, ಸಾಯದಂತೆ ನೋಡುವುದು ನಿಮ್ಮ ಕೆಲಸ. ಬಿಸಿಲಿಗೆ ಕಾದ ಒಣ ಹಲಗೆ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ, ಮೀನಿಗೆ ಸೋಂಕು ತಡೆಯುವುದೇ ಆ ಲೋಳೆ. ಒಣ ಬಟ್ಟೆಯಿಂದ ಹಿಡಿಯಬೇಡಿ. ನೀವು ಉಸಿರು ಬಿಗಿಹಿಡಿದಷ್ಟು ಹೊತ್ತಿನಲ್ಲಿ ಮೀನು ಮತ್ತೆ ನೀರಲ್ಲಿರಬೇಕು ಎಂಬ ಲೆಕ್ಕ ಇಟ್ಟುಕೊಳ್ಳಿ. ಕೊಕ್ಕೆ ಗಂಟಲಾಳಕ್ಕೆ ಹೋಗಿದ್ದರೆ ಎಳೆಯದೆ ದಾರವನ್ನು ಹತ್ತಿರಕ್ಕೆ ಕತ್ತರಿಸುವುದು ಮೇಲು.

ಪ್ರಶ್ನೆ: ಒಳ್ಳೆಯ ಜಾಗದಲ್ಲಿ ಇನ್ನೊಬ್ಬರು ಮೊದಲೇ ನಿಂತಿದ್ದರು. ಸರೋವರ ಎಲ್ಲರದೂ ತಾನೆ?

ಉತ್ತರ: ಸರೋವರ ಎಲ್ಲರದು, ಅವರ ಗಾಳ ಬೀಳುವಷ್ಟು ನೀರು ಆ ಹೊತ್ತಿಗೆ ಅವರದು. ಎಷ್ಟು ದೂರ ಎಂದು ನಿಯಮದಲ್ಲಿದ್ದರೆ ಅದು, ಇಲ್ಲದಿದ್ದರೆ ಕೂಗಿ ಕೇಳಿ. ಅವರು ಬೇಡವೆಂದರೆ ಅವರ ಹಿಂದಿನಿಂದ ಹಾದುಹೋಗಿ, ಮುಂದಿನ ನೀರನ್ನು ಕಲಕಬೇಡಿ.

ಇದಕ್ಕಿಂತ ದೊಡ್ಡ ಜಗಳಗಳು ಬೇರೆ ಕಡೆ ಹುಟ್ಟುತ್ತವೆ. ಕಯಾಕನ್ನು ಮೋಟಾರು ದೋಣಿಯಲ್ಲಿ ಹೇರಿ ದೂರದ ಜಾಗಕ್ಕೆ ಸಾಗಿಸುವುದು, ಸ್ಪರ್ಧೆ ನಡೆಯುವಾಗ ಗೆಳೆಯನಿಗೆ ಫೋನ್ ಮಾಡಿ ಮೀನು ಎಲ್ಲಿದೆ ಎಂದು ಕೇಳುವುದು ಇಂಥವು. ಎರಡನ್ನೂ ನಿಷೇಧಿಸುವ ಸ್ಪರ್ಧೆಗಳೇ ಹೆಚ್ಚು. ವಿದ್ಯುತ್ ಮೋಟಾರಿನ ವಿಷಯದಲ್ಲಿ ಒಮ್ಮತವಿಲ್ಲ: ಒಂದು ಕಡೆ ಹುಟ್ಟು ಮತ್ತು ಪೆಡಲ್ ಮಾತ್ರ, ಇನ್ನೊಂದು ಕಡೆ ಮೋಟಾರಿಗೂ ಅನುಮತಿ. ಮೋಟಾರು ಬೇಡವೆಂದಿರುವ ಕಡೆ ಅದು ಕೆಟ್ಟು ನಿಂತಿದ್ದರೂ ಕಯಾಕಿನ ಮೇಲೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಪಕ್ಕದ ಸ್ಪರ್ಧಿ ಲೈಫ್ ಜಾಕೆಟ್ ಬಿಚ್ಚಿ ಸೀಟಿನ ಹಿಂದೆ ಇಟ್ಟಿದ್ದನ್ನು ಕಂಡೆ. ದೂರಿದರೆ ಚಾಡಿಕೋರ ಎಂದಾರೇ?

ಉತ್ತರ: ಮೊದಲು ಅವರಿಗೇ ಹೇಳಿ, ಹಾಕಿಕೊಂಡರೆ ಒಳ್ಳೆಯದಾಯಿತು. ಹಾಕಿಕೊಳ್ಳದಿದ್ದರೆ ಸಮಯ, ಜಾಗ, ಕಂಡದ್ದೇನು ಎಂದು ಆಗಲೇ ಬರೆದಿಟ್ಟು, ಸಾಧ್ಯವಿದ್ದರೆ ಫೋಟೋ ಸಮೇತ ನೇರ ಸಂಘಟಕರಿಗೆ ಕೊಡಿ. ದೂರಿಗೆ ಗಡುವಿರುತ್ತದೆ. ಬಹುಮಾನ ಹಂಚಿದ ಮೇಲೆ ಊಟದ ಸಾಲಿನಲ್ಲಿ ಪಿಸುಗುಟ್ಟಿದ್ದಕ್ಕೆ ಬೆಲೆಯಿಲ್ಲ, ಚಾಡಿ ಎಂದರೆ ಅದೇ. ಜಾಕೆಟ್ ನೀರಿನ ಮೇಲಿರುವಷ್ಟು ಹೊತ್ತೂ ಮೈಮೇಲೆ ಇರಬೇಕು. ಬೆಳಕು ಹರಿಯುವ ಮುನ್ನ ಹೊರಡುವವರಿಗೆ ಸುತ್ತಲೂ ಕಾಣುವ ಬಿಳಿ ದೀಪವೂ ಬೇಕು.

ಪ್ರಶ್ನೆ: ಇಬ್ಬರ ಮೊತ್ತ ಸಮ ಬಂದರೆ?

ಉತ್ತರ: ಹೆಚ್ಚಿನ ಕಡೆ ಯಾರ ಅತಿ ಉದ್ದದ ಮೀನು ದೊಡ್ಡದೋ ಅವರು ಮುಂದೆ. ಅದೂ ಸಮವಾದರೆ ಎರಡನೆಯ ಮೀನು, ಇಲ್ಲವೇ ಮೊದಲು ಆ ಮೊತ್ತ ಮುಟ್ಟಿದವರು.